ಶಾಲೆಯ ಸಭೆಯೂ ಶಸ್ತ್ರದ ಕಾಯದೆಯೂ



ನಮ್ಮ ದೇಶದ ಸಂವಿಧಾನವು ೧೯೫೦ನೆಯ ಇಸವಿಯ ಜನೇವರಿ ೨೬ರಂದು ಜಾರಿಗೆ ಬಂದಿತು. ಅದರ ೧೯ನೆಯ ಅನುಚ್ಛೇದವು ನಾಗರಿಕರಿಗೆ ಕೊಟ್ಟ ಸ್ವಾತಂತ್ರ್ಯಗಳನ್ನು ನಾಗರಿಕಶಾಸ್ತ್ರದ ಪಾಠದಲ್ಲಿ ನೀವು ಓದಿರುವಿರಿ. ಮಾತನಾಡುವ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ, ದೇಶದಲ್ಲೆಲ್ಲ ಸಂಚರಿಸುವ ಸ್ವಾತಂತ್ರ್ಯ ಇವುಗಳನ್ನು ಅಲ್ಲಿ ಮೊದಲು ಬಿಡಿಯಾಗಿಯೇ ಹೇಳಿ, ಅವುಗಳ ಮಿತಿಗಳನ್ನು ಮುಂದಿನ ಉಪಕಲಮುಗಳಲ್ಲಿ ಹೇಳಿದ್ದಾರೆ. ಸಭೆ ಸೇರುವ ಸ್ವಾತಂತ್ರ್ಯದ ಸಂಗತಿ ಹಾಗಲ್ಲ. ಆ ಹಕ್ಕನ್ನು ಕೊಡುವ ವಾಕ್ಯದಲ್ಲಿಯೇ ಎರಡು ಕಟ್ಟಳೆಗಳು ಸೇರಿಕೊಂಡಿವೆ. ಜನರು ಶಾಂತಿಯಿಂದ ಸೇರಬೇಕು, ಆಯುಧಗಳಿಲ್ಲದೆ ಸೇರಬೇಕು. ಈ ಎರಡನೆಯ ಕಟ್ಟಳೆಯೇ ಇಂದಿನ ಪಾಠದ ವಿಷಯವಾಗಿದೆ.

ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡೋಣ. ಒಬ್ಬ ಗೃಹಸ್ಥನು ಸರಕಾರದಿಂದ ಕ್ರಮವಾಗಿ ಪರವಾನಿಗೆ ಪಡೆದು ಒಂದು ಪಿಸ್ತೂಲನ್ನು ಇಟ್ಟುಕೊಂಡಿದ್ದಾನೆ. ಅವನ ಕಾಗದಪತ್ರಗಳೆಲ್ಲ ಸರಿಯಾಗಿವೆ. ಅವನ ಮೇಲೆ ಯಾವ ಅಪರಾಧದ ಆರೋಪವೂ ಇಲ್ಲ. ಅವನ ಮಗನು ಶಾಲೆಯಲ್ಲಿ ಓದುತ್ತಿದ್ದಾನೆ. ಪಾಲಕನೆಂಬ ನಾತೆಯಿಂದ ಅವನಿಗೆ ಶಾಲೆಯ ಸಭೆಗೆ ಬರುವ ಅಧಿಕಾರವಿದೆ. ಅವನು ಆ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಸಭೆಯಲ್ಲಿ ಬಂದು ಕುಳಿತುಕೊಳ್ಳಬಹುದೇ? "ಪರವಾನಿಗೆ ಇದೆಯಲ್ಲ, ಮತ್ತೇನು ಅಡ್ಡಿ?" ಎಂದು ಹಲವರು ಅನ್ನುವರು. ಇದು ತಪ್ಪು ತಿಳುವಳಿಕೆ. ಹೇಗೆ ತಪ್ಪು, ಮತ್ತು ಏಕೆ ತಪ್ಪು ಎಂಬದನ್ನು ಕ್ರಮವಾಗಿ ನೋಡೋಣ.

೧. ಶಾಲೆಯ ಸಭೆ ಎಂದರೆ ಯಾವದು?

ಹಿಂದಿನ ಕಾಲದಲ್ಲಿ ಶಾಲೆಯ ಕಾರಭಾರವು ಮಾಸ್ತರರದು, ಇಲ್ಲವೆ ಊರ ಹಿರಿಯರದು ಆಗಿತ್ತು. ಮಗುವನ್ನು ಶಾಲೆಗೆ ತಂದು ಬಿಟ್ಟಮೇಲೆ ತಂದೆ-ತಾಯಿಗಳು ಅತ್ತ ತಿರುಗಿ ನೋಡುತ್ತಿರಲಿಲ್ಲ. ಇಂದಿನ ಸ್ಥಿತಿ ಬೇರೆ. ೨೦೦೯ರ ಶಿಕ್ಷಣ ಹಕ್ಕು ಕಾಯದೆಯು ೨೦೧೦ರ ಎಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರ ೨೧ನೆಯ ಕಲಮಿನ ಪ್ರಕಾರ ಸರಕಾರಿ ಶಾಲೆಗಳಲ್ಲಿಯೂ, ಜಿಲ್ಲಾ ಪರಿಷತ್ತಿನಂಥ ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿಯೂ, ಅನುದಾನ ಪಡೆಯುವ ಶಾಲೆಗಳಲ್ಲಿಯೂ ಒಂದು ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಜನ ಮಕ್ಕಳ ತಂದೆ-ತಾಯಿಗಳು ಅಥವಾ ಪಾಲಕರು ಆಗಿರಬೇಕು. ಅರ್ಧದಷ್ಟು ಜನ ಸ್ತ್ರೀಯರಾಗಿರಬೇಕು. ದುರ್ಬಲ ವರ್ಗಗಳ ಮಕ್ಕಳ ಪಾಲಕರಿಗೆ ತಕ್ಕ ಪ್ರಮಾಣದಲ್ಲಿ ಸ್ಥಾನವಿರಬೇಕು. ಶಾಲೆಯ ಕೆಲಸದ ಮೇಲೆ ಕಣ್ಣಿಡುವದು, ಬಂದ ಹಣವು ಸರಿಯಾಗಿ ವೆಚ್ಚವಾಯಿತೇ ಎಂದು ನೋಡುವದು, ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವದು ಇವು ಅದರ ಕರ್ತವ್ಯಗಳು.

ಇದರ ಹೊರತಾಗಿ, ಶಾಲೆಯನ್ನು ನಡೆಸುವ ಧರ್ಮಾರ್ಥ ಸಂಸ್ಥೆಗಳಿಗೆ ತಮ್ಮವೇ ಆದ ಸಭೆಗಳಿವೆ. ನಮ್ಮ ಮಹಾರಾಷ್ಟ್ರ ರಾಜ್ಯದಲ್ಲಿ ಇಂಥ ಸಂಸ್ಥೆಗಳು ೧೮೬೦ರ ಸಂಘಗಳ ನೋಂದಣಿ ಕಾಯದೆಗೂ, ೧೯೫೦ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯದೆಗೂ ಒಳಪಟ್ಟಿವೆ. ವರ್ಷಕ್ಕೊಮ್ಮೆ ಜಮಾಖರ್ಚು ಮಂಡಿಸಿ, ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಧರ್ಮಾದಾಯ ಆಯುಕ್ತರ ಕಚೇರಿಗೆ ಲೆಕ್ಕ ಸಲ್ಲಿಸಬೇಕಾಗುತ್ತದೆ. ಇನ್ನು ಪಾಲಕರ ಮೇಳಾವೆ, ಸ್ನೇಹಸಮ್ಮೇಲನ, ಸ್ವಾತಂತ್ರ್ಯ ದಿನದ ಧ್ವಜವಂದನೆ ಇವೆಲ್ಲ ಇದ್ದೇ ಇರುತ್ತವೆ. ಈ ಎಲ್ಲ ಸಭೆಗಳಲ್ಲಿ ಎರಡು ಲಕ್ಷಣಗಳು ಸಮಾನವಾಗಿವೆ. ಇವು ಬಹುತೇಕ ಶಾಲೆಯ ಆವರಣದೊಳಗೇ ಕೂಡುತ್ತವೆ. ಮತ್ತು ಇವುಗಳಲ್ಲಿ ಬಡವ-ಬಲ್ಲಿದ ಎಂಬ ಭೇದವಿಲ್ಲದೆ ಪ್ರತಿಯೊಬ್ಬರ ಮಾತಿಗೂ ಒಂದೇ ತೂಕವಿರುತ್ತದೆ. ಈ ಎರಡನ್ನೂ ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತವೆ.

೨. ಪರವಾನಿಗೆ ಎಂದರೆ ಏನು?

ಇಂದು ನಮ್ಮ ದೇಶದಲ್ಲಿ ಆಯುಧಗಳ ವಿಷಯವಾಗಿ ನಡೆಯುತ್ತಿರುವದು ೧೯೫೯ರ ಶಸ್ತ್ರ ಕಾಯದೆ. ಅದು ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಅದರ ೩ನೆಯ ಕಲಮಿನಂತೆ ಪರವಾನಿಗೆಯಿಲ್ಲದೆ ಯಾರೂ ಬಂದೂಕು, ಪಿಸ್ತೂಲು, ರಿವಾಲ್ವರುಗಳನ್ನು ಹತ್ತಿರ ಇಟ್ಟುಕೊಳ್ಳಕೂಡದು, ಹೊತ್ತುಕೊಂಡು ತಿರುಗಾಡಕೂಡದು. ಅಂದರೆ ಕಾಯದೆಯ ಮೊದಲ ಮಾತು ನಿಷೇಧ. ಪರವಾನಿಗೆಯು ಆ ನಿಷೇಧಕ್ಕೆ ಕೊಟ್ಟ ಒಂದು ಅಪವಾದ. ಅಪವಾದವು ಎಷ್ಟು ಕೊಟ್ಟಿದ್ದಾರೋ ಅಷ್ಟೇ ಇರುತ್ತದೆ, ಕೇಳಿದಷ್ಟು ಹಿಗ್ಗುವದಿಲ್ಲ.

ಅರ್ಜಿ ಹೋಗುವದು ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಕಚೇರಿಗೆ. ಪೊಲೀಸರ ವರದಿಯನ್ನು ತರಿಸಿಕೊಂಡು, ಅರ್ಜಿದಾರನಿಗೆ ನಿಜವಾಗಿ ಅವಶ್ಯಕತೆ ಇದೆಯೇ ಎಂದು ವಿಚಾರಿಸಿ, ಬಳಿಕ ನಿರ್ಣಯಿಸುತ್ತಾರೆ. ೨೧ ವರ್ಷ ತುಂಬದವನಿಗೆ ಪರವಾನಿಗೆ ಇಲ್ಲ. ಬುದ್ಧಿ ಸ್ಥಿಮಿತದಲ್ಲಿಲ್ಲದವನಿಗೂ ಇಲ್ಲ. ಒಬ್ಬನು ಮೊದಲು ಮೂರು ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದಾಗಿತ್ತು. ೨೦೧೯ರ ತಿದ್ದುಪಡಿಯಿಂದ ಆ ಸಂಖ್ಯೆಯನ್ನು ಎರಡಕ್ಕೆ ಇಳಿಸಿದ್ದಾರೆ. ಅದೇ ತಿದ್ದುಪಡಿಯು ಪರವಾನಿಗೆಯ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿತು. ಮದುವೆ, ಮೆರವಣಿಗೆಗಳಲ್ಲಿ ಸಂತೋಷಕ್ಕೆಂದು ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತರುವವರಿಗೆ ಎರಡು ವರ್ಷಗಳವರೆಗಿನ ಸೆರೆಮನೆ, ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ ಎಂದು ಅದೇ ತಿದ್ದುಪಡಿಯಲ್ಲಿ ಗೊತ್ತುಪಡಿಸಿದ್ದಾರೆ.

ಒಕ್ಕಲುತನದ ಮನೆಗಳಲ್ಲಿ ಕೆಲವೆಡೆ ಬೆಳೆ ರಕ್ಷಣೆಯ ಬಂದೂಕು ಇರುತ್ತದೆ. ಹಂದಿ ಮೊದಲಾದ ಪ್ರಾಣಿಗಳಿಂದ ಪೈರನ್ನು ಕಾಯುವ ಸಲುವಾಗಿ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಿಗೆ ಕೊಡುವ ಮಾತು ಕಾಯದೆಯ ೧೩ನೆಯ ಕಲಮಿನಲ್ಲಿಯೇ ಇದೆ. ಇಲ್ಲಿ ಒಂದು ತತ್ವವನ್ನು ಗಮನಿಸಬೇಕು. ಪರವಾನಿಗೆಯು ಯಾವಾಗಲೂ ಒಂದು ಉದ್ದೇಶಕ್ಕೆ ಅಂಟಿಕೊಂಡಿರುತ್ತದೆ. ಹೊಲ ಕಾಯಲು ಕೊಟ್ಟ ಬಂದೂಕಿನ ಕೆಲಸ ಹೊಲದಲ್ಲಿ. ಅದು ಊರ ಚಾವಡಿಯಲ್ಲಿ ಪ್ರತಿಷ್ಠೆ ಮೆರೆಸುವ ವಸ್ತುವಲ್ಲ.

ಮಕ್ಕಳು ಕೇಳಬಹುದು: "ಹಾಗಾದರೆ ನಮ್ಮ ಅಜ್ಜನ ಕೈಯಲ್ಲಿಯ ಬಡಿಗೆ, ಅವ್ವನ ಕುಡಗೋಲು, ಇವೂ ಆಯುಧಗಳೇ?" ಇದಕ್ಕೂ ಕಾಯದೆಯಲ್ಲಿ ಉತ್ತರವಿದೆ. ಕೇವಲ ಮನೆಗೆಲಸಕ್ಕೆ ಅಥವಾ ಒಕ್ಕಲುತನಕ್ಕೆಂದು ಮಾಡಿದ ಉಪಕರಣಗಳನ್ನೂ, ಲಾಠಿ, ಊರುಗೋಲುಗಳನ್ನೂ ಈ ಕಾಯದೆಯು ಶಸ್ತ್ರವೆಂದು ಎಣಿಸುವದಿಲ್ಲ. ಕುರಿ ಕಾಯುವವನ ಬಡಿಗೆಗೆ ಲೈಸೆನ್ಸು ಬೇಕಿಲ್ಲ. ಆದರೆ ಊರಿನಲ್ಲಿ ಅಶಾಂತಿಯ ಭಯವಿದ್ದಾಗ ಜಿಲ್ಲಾಧಿಕಾರಿಗಳು ಮಹಾರಾಷ್ಟ್ರ ಪೊಲೀಸ್ ಅಧಿನಿಯಮದ ೩೭ನೆಯ ಕಲಮಿನಂತೆ ಆಜ್ಞೆ ಹೊರಡಿಸಿ, ಬಂದೂಕು, ಕತ್ತಿ, ಭರ್ಚಿಗಳನ್ನು ಮಾತ್ರವಲ್ಲದೆ ಬಡಿಗೆಯನ್ನು ಸಹ ಹೊತ್ತು ತಿರುಗುವದನ್ನು ಕೆಲವು ದಿನಗಳ ಮಟ್ಟಿಗೆ ನಿಷೇಧಿಸಬಲ್ಲರು. ಹಬ್ಬ-ಹುಣ್ಣಿವೆಗಳ, ಚುನಾವಣೆಗಳ ಮುಂದೆ "೩೭ ಕಲಮು ಹಚ್ಚಿದ್ದಾರೆ" ಎಂದು ಪತ್ರಿಕೆಗಳಲ್ಲಿ ಓದುವದು ಇದನ್ನೇ.

೩. ಶಾಲೆಯ ಹೊಸ್ತಿಲಿನ ಕಟ್ಟಳೆ

ಈಗ ನಮ್ಮ ಪ್ರಶ್ನೆಗೆ ಬರೋಣ. ಪರವಾನಿಗೆ ಪತ್ರವೆಂದರೆ ಬರಿಯ ಒಂದು ಹೆಸರು, ಒಂದು ಮುದ್ರೆ ಅಲ್ಲ, ಅದರೊಡನೆ ಷರತ್ತುಗಳಿರುತ್ತವೆ. ಅವುಗಳಲ್ಲಿ ಒಂದರ ತಾತ್ಪರ್ಯ ಹೀಗಿದೆ: ಪರವಾನಿಗೆದಾರನು ತನ್ನ ಆಯುಧವನ್ನು ಯಾವ ಉದ್ದೇಶಕ್ಕೆ ಪಡೆದನೋ ಆ ಉದ್ದೇಶಕ್ಕೆ ಪ್ರಾಮಾಣಿಕವಾಗಿ ಒಯ್ಯಬೇಕು, ಮತ್ತು ಜಿಲ್ಲಾ ದಂಡಾಧಿಕಾರಿಗಳ ವಿಶೇಷ ಅನುಮತಿ ಇದ್ದಾಗಿನ ಹೊರತು, ಅದನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಬೇರೆ ಯಾವದೇ ಸಾರ್ವಜನಿಕ ಸಮುದಾಯಕ್ಕೆ, ಅಥವಾ ಯಾವದೇ ಶಿಕ್ಷಣ ಸಂಸ್ಥೆಯ ಆವರಣದೊಳಗೆ ಒಯ್ಯಕೂಡದು.

ಈ ಷರತ್ತನ್ನು ಬಿಡಿಸಿ ನೋಡಿರಿ. ಅದರಲ್ಲಿ ಎರಡು ಬೇಲಿಗಳಿವೆ. ಒಂದು ಬೇಲಿ ಜನಸಮುದಾಯದ ಸುತ್ತ. ಇನ್ನೊಂದು ಶಾಲೆಯ ಸುತ್ತ. ಯಾರಾದರೂ ಜಾಣತನದಿಂದ ಹೀಗೆ ವಾದಿಸಬಹುದು: "ಸಮಿತಿಯ ಸಭೆಯೆಂದರೆ ಹತ್ತು-ಹದಿನೈದು ಸದಸ್ಯರು ಕೂಡುವ ಖಾಸಗಿ ಬೈಠಕು, ಅದು ಸಾರ್ವಜನಿಕ ಸಮುದಾಯ ಹೇಗಾದೀತು?" ಆ ವಾದವನ್ನು ಒಪ್ಪಿಕೊಂಡರೂ ಅವನಿಗೆ ಲಾಭವಿಲ್ಲ. ಏಕೆಂದರೆ ಸಭೆಯು ಶಾಲೆಯ ಆವರಣದಲ್ಲಿ ಕೂಡಿದೆ. ಎರಡನೆಯ ಬೇಲಿ ಅವನನ್ನು ತಡೆಯುತ್ತದೆ. ಇನ್ನು ಸಭೆಯನ್ನು ಸ್ಥಳದ ಅಭಾವದಿಂದ ಗುಡಿಯ ಪ್ರಾಂಗಣದಲ್ಲಿ ಕರೆದರೆನ್ನೋಣ. ಆಗ ಶಾಲೆಯ ಬೇಲಿ ಇಲ್ಲವಾದರೂ, ಊರ ಪಾಲಕರೆಲ್ಲ ಸೇರಿದ್ದರಿಂದ ಸಾರ್ವಜನಿಕ ಸಮುದಾಯದ ಬೇಲಿ ಇದ್ದೇ ಇದೆ. ಹೀಗೆ ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಮಾರ್ಗವು ಒಂದೇ ಕಡೆಗೆ ಬರುತ್ತದೆ: ಆಯುಧವನ್ನು ಮನೆಯಲ್ಲಿ ಭದ್ರವಾಗಿಟ್ಟು ಬರಬೇಕು.

ಷರತ್ತನ್ನು ಮುರಿದರೆ ಏನಾಗುತ್ತದೆ? ಶಸ್ತ್ರ ಕಾಯದೆಯ ೩೦ನೆಯ ಕಲಮಿನಂತೆ ಪರವಾನಿಗೆಯ ಷರತ್ತನ್ನು ಉಲ್ಲಂಘಿಸಿದವನಿಗೆ ಆರು ತಿಂಗಳವರೆಗಿನ ಸೆರೆಮನೆ, ಅಥವಾ ಎರಡು ಸಾವಿರ ರೂಪಾಯಿಯವರೆಗಿನ ದಂಡ, ಅಥವಾ ಎರಡೂ ಆಗಬಹುದು. ೧೭ನೆಯ ಕಲಮಿನಂತೆ ಪರವಾನಿಗೆಯನ್ನೇ ತಡೆಹಿಡಿಯಬಹುದು, ರದ್ದುಪಡಿಸಬಹುದು. ಸಾರ್ವಜನಿಕ ಸ್ಥಳದಲ್ಲಿ ಒಯ್ಯುವಾಗ ಪಿಸ್ತೂಲು ಚೀಲದೊಳಗೆ ಪೂರ್ಣವಾಗಿ ಮುಚ್ಚಿರಬೇಕು, ಅದನ್ನು ಝಳಪಿಸಿ ತೋರಿಸಕೂಡದು ಎಂದು ೨೦೧೬ರ ಶಸ್ತ್ರ ನಿಯಮಗಳು ಹೇಳುತ್ತವೆ. ಕೆಲಸದ ಮೇಲೆ ಇರುವ ಪೊಲೀಸರ ಸಂಗತಿ ಬೇರೆ; ಅವರ ಕರ್ತವ್ಯಕ್ಕೆ ಕಾಯದೆಯಲ್ಲಿ ಪ್ರತ್ಯೇಕ ಅವಕಾಶವಿದೆ.

ಇನ್ನೊಂದು ಮಾತು. ಐದು ಅಥವಾ ಹೆಚ್ಚು ಜನರು ಬಲಪ್ರಯೋಗದಂಥ ಅಕ್ರಮ ಉದ್ದೇಶದಿಂದ ಕೂಡಿದರೆ ಅದಕ್ಕೆ ಕಾಯದೆಯಲ್ಲಿ 'ಕಾನೂನುಬಾಹಿರ ಕೂಟ'ವೆಂದು ಹೆಸರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೮೯ನೆಯ ಕಲಮಿನಲ್ಲಿ ಇದರ ವಿವರಣೆ ಇದೆ. ಅಂಥ ಕೂಟದಲ್ಲಿ ಪ್ರಾಣಘಾತಕ ಆಯುಧ ಹಿಡಿದು ಸೇರಿದವನಿಗೆ ಎರಡು ವರ್ಷಗಳವರೆಗೆ ಶಿಕ್ಷೆಯಾಗಬಹುದು; ಆಯುಧಕ್ಕೆ ಪರವಾನಿಗೆ ಇದೆಯೆಂಬ ಮಾತು ಅಲ್ಲಿ ರಕ್ಷಣೆಯಾಗುವದಿಲ್ಲ.

೪. ಹಲಗಲಿಯ ವೀರರು ಮತ್ತು ಒಂದು ಸಂಶಯ

ಇಷ್ಟು ಕೇಳಿದ ಮೇಲೆ ಬುದ್ಧಿವಂತ ವಿದ್ಯಾರ್ಥಿಗೆ ಒಂದು ಸಂಶಯ ಬರಬೇಕು. ನಮ್ಮ ಸೀಮೆಯಿಂದ ತೆಂಕಣಕ್ಕೆ, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ಹಲಗಲಿ ಎಂಬ ಊರಿದೆ. ಅಲ್ಲಿಯ ಬೇಡರ ಕಥೆಯನ್ನು ಲಾವಣಿಯಾಗಿ ಇಂದಿಗೂ ಹಾಡುತ್ತಾರೆ. ೧೮೫೭ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ದಂಗೆ ಎದ್ದಾಗ ಇಂಗ್ಲಿಷರು ಹೆದರಿ, ಜನರ ಕೈಯಲ್ಲಿಯ ಆಯುಧಗಳನ್ನು ಕಸಿದುಕೊಳ್ಳುವ ನಿಃಶಸ್ತ್ರೀಕರಣದ ಕಾಯದೆಯನ್ನು ಮಾಡಿದರು. ಆಗ ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿತ್ತು. ಬೇಟೆಯೇ ಬದುಕಾಗಿದ್ದ, ಆಯುಧವೇ ಮಾನವಾಗಿದ್ದ ಹಲಗಲಿಯ ಬೇಡರು ಹತಾರಗಳನ್ನು ಕೊಡಲು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಅನೇಕರು ಮಡಿದರು, ನೂರಾರು ಜನ ಸೆರೆಸಿಕ್ಕರು, ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಮುಂದಿನ ವರ್ಷ, ೧೮೫೮ರಲ್ಲಿ, ನರಗುಂದ-ಮುಂಡರಗಿಗಳ ಬಂಡಾಯಕ್ಕೂ ಈ ನಿಃಶಸ್ತ್ರೀಕರಣದ ಅಸಮಾಧಾನವು ಒಂದು ಕಾರಣವಾಯಿತು.

ಹಾಗಾದರೆ ಆಯುಧ ಬಿಡುವದಿಲ್ಲವೆಂದು ಪ್ರಾಣ ಕೊಟ್ಟ ಹಲಗಲಿಯವರನ್ನು ವೀರರೆಂದು ಹೊಗಳುವ ನಾವು, ಅದೇ ನಾಲಿಗೆಯಿಂದ "ಆಯುಧವನ್ನು ಹೊರಗಿಟ್ಟು ಬನ್ನಿರಿ" ಎಂದು ಹೇಳುವದು ಹೇಗೆ? ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ಈ ಪಾಠದ ತಿರುಳೇ ಸಿಕ್ಕಿದಂತೆ.

ಹಲಗಲಿಯವರನ್ನು ಆ ಕಾಯದೆ ಮಾಡುವಾಗ ಯಾರೂ ಕೇಳಿರಲಿಲ್ಲ. ಅವರು ತಮ್ಮ ಮಾತನ್ನು ಹೇಳಬಹುದಾದ ಸಭೆ ಎಲ್ಲಿಯೂ ಇರಲಿಲ್ಲ. ಆಳುವವನ ಕೈಯಲ್ಲಿ ಆಯುಧವಿತ್ತು. ಆಳಿಸಿಕೊಳ್ಳುವವನ ಬಾಯಲ್ಲಿ ಮಾತಿರಲಿಲ್ಲ. ಲಾರ್ಡ್ ಲಿಟನ್ನನ ಕಾಲದಲ್ಲಿ, ೧೮೭೮ರಲ್ಲಿ, ಮಾಡಿದ ಶಸ್ತ್ರ ಕಾಯದೆಯೂ ಹಾಗೆಯೇ ಇತ್ತು. ಹಿಂದೀ ಜನರು ಪರವಾನಿಗೆ ಪಡೆಯಬೇಕು, ಯುರೋಪಿಯನ್ನರಿಗೆ ಬೇಕಿಲ್ಲ ಎಂಬ ಭೇದವು ಆರಂಭದಲ್ಲಿ ಅದರಲ್ಲಿತ್ತು. ಮಹಾತ್ಮಾ ಗಾಂಧಿಯವರಂಥ ಅಹಿಂಸಾವಾದಿಗಳು ಸಹ ಆ ಕಾಯದೆಯನ್ನು ಖಂಡಿಸಿದ್ದರು. ಅದರಲ್ಲಿ ಆಶ್ಚರ್ಯವಿಲ್ಲ. ಮಾತಿನ ಬಾಗಿಲು ಮುಚ್ಚಿ ಆಯುಧವನ್ನೂ ಕಸಿದುಕೊಳ್ಳುವದು ದಾಸ್ಯ. ಮಾತಿನ ಬಾಗಿಲನ್ನು ಪೂರ್ತಿಯಾಗಿ ತೆರೆದು, ಒಳಗೆ ಬರುವಾಗ ಎಲ್ಲರೂ ಸಮಾನವಾಗಿ ಆಯುಧವನ್ನು ಹೊರಗಿಡುವದು ಸ್ವರಾಜ್ಯ. ಹೊರನೋಟಕ್ಕೆ ಎರಡೂ ಬರಿಗೈಯೇ. ಒಳಗಿನ ಅರ್ಥದಲ್ಲಿ ಆಕಾಶ-ಪಾತಾಳದ ಅಂತರವಿದೆ.

೫. ಸಂವಿಧಾನ ಸಭೆಯಲ್ಲಿ ನಡೆದ ಚರ್ಚೆ

ಈ ವಿಷಯವನ್ನು ನಮ್ಮ ಹಿರಿಯರು ಯೋಚಿಸದೆ ಬಿಟ್ಟಿರಲಿಲ್ಲ. ೧೯೩೧ರಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಪರಕೀಯರ ಆಳ್ವಿಕೆಯಲ್ಲಿ ಅದು ಸ್ವಾಭಾವಿಕವಾಗಿತ್ತು. ಸ್ವಾತಂತ್ರ್ಯ ಬಂದಮೇಲೆ, ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯು ಈ ಅನುಚ್ಛೇದವನ್ನು ಚರ್ಚಿಸುತ್ತಿದ್ದಾಗ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಒಂದು ತಿದ್ದುಪಡಿಯನ್ನು ಸೂಚಿಸಿದರು. ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂಬದು ಅವರ ಬೇಡಿಕೆ. ಡಾ. ಬಾಬಾಸಾಹೇಬ ಅಂಬೇಡಕರರು ಅದನ್ನು ಒಪ್ಪಲಿಲ್ಲ. ಪ್ರತಿಯೊಬ್ಬನೂ ಪೇಟೆಗೆ ಹೋಗಿ ಯಾವ ತಡೆಯೂ ಇಲ್ಲದೆ ಆಯುಧ ಕೊಳ್ಳುವ ಹಕ್ಕುಳ್ಳವನಾದರೆ ರಾಜ್ಯದ ಆಡಳಿತ ನಡೆಯುವದು ಹೇಗೆ ಎಂಬದು ಅವರ ಆಕ್ಷೇಪದ ಸಾರವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು.

ಆದ್ದರಿಂದ ನಮ್ಮ ದೇಶದಲ್ಲಿ ಸಭೆ ಸೇರುವದು ಹಕ್ಕು; ಆಯುಧ ಧರಿಸುವದು ಹಕ್ಕಲ್ಲ, ಅನುಮತಿ. ಈ ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಬೇಕು.

ಎರಡು ವಿಶೇಷ ಸಂಗತಿಗಳನ್ನೂ ಇಲ್ಲಿ ಹೇಳಿಬಿಡುವದು ಯೋಗ್ಯ. ಸಿಖ್ಖರು ಕೃಪಾಣ ಧರಿಸುವದನ್ನು ಅವರ ಧರ್ಮದ ಅಂಗವೆಂದು ಸಂವಿಧಾನದ ೨೫ನೆಯ ಅನುಚ್ಛೇದವೇ ಮನ್ನಿಸಿದೆ. ಇನ್ನು ಕರ್ನಾಟಕದ ಕೊಡಗಿನಲ್ಲಿ ಕೊಡವ ಜನಾಂಗದವರಿಗೂ, ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಿಗೆಯಿಂದ ೧೮೬೧ರಷ್ಟು ಹಿಂದಿನಿಂದಲೂ ವಿನಾಯಿತಿ ಇದೆ. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಬಂದೂಕುಗಳಿಗೆ ಹೂವೇರಿಸಿ ಪೂಜಿಸುತ್ತಾರೆ. ಅದು ಆ ನಾಡಿನ ಸಂಪ್ರದಾಯ, ಗೌರವಕ್ಕೆ ಅರ್ಹವಾದದ್ದು. ಆದರೂ ಪರವಾನಿಗೆಯಿಂದ ವಿನಾಯಿತಿ ಎಂಬದು ಒಂದು ಮಾತು, ಸಭೆಯ ಹಕ್ಕು ಇನ್ನೊಂದು ಮಾತು. ಸಂವಿಧಾನವು ಎಲ್ಲ ನಾಗರಿಕರಿಗೂ ಕೊಟ್ಟದ್ದು ನಿರಾಯುಧ ಸಭೆಯ ಹಕ್ಕನ್ನೇ.

೬. ಅಮೆರಿಕದ ರೀತಿ

ಜಗತ್ತಿನಲ್ಲಿ ಬೇರೆ ರೀತಿಯೂ ಇದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂವಿಧಾನಕ್ಕೆ ೧೭೯೧ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಆಯುಧ ಇಟ್ಟುಕೊಳ್ಳುವದನ್ನು ಜನರ ಹಕ್ಕೆಂದೇ ಹೇಳುತ್ತದೆ. ಕಾಮತರು ಬೇಡಿದ್ದು ಅಲ್ಲಿ ಮೊದಲಿನಿಂದ ಇದೆ. ಮನೆಯ ಹೊರಗೂ ಪಿಸ್ತೂಲನ್ನು ಒಯ್ಯುವ ಹಕ್ಕು ಅದರಲ್ಲಿ ಅಡಕವಾಗಿದೆಯೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ತೀರ್ಪಿತ್ತಿತು. ಆದರೆ ಅದೇ ತೀರ್ಪಿನಲ್ಲಿ ಶಾಲೆ, ಶಾಸನಸಭೆ, ಮತಗಟ್ಟೆ, ನ್ಯಾಯಾಲಯಗಳಂಥ ಸೂಕ್ಷ್ಮ ಸ್ಥಳಗಳಲ್ಲಿ ಆಯುಧವನ್ನು ನಿಷೇಧಿಸಬಹುದೆಂದೂ ಒಪ್ಪಿಕೊಂಡಿತು.

ಆ ದೇಶದಲ್ಲಿ ಶಾಲೆಗಳನ್ನು ಊರವರು ಚುನಾಯಿಸಿದ ಶಾಲಾ ಮಂಡಳಿಗಳು ನಡೆಸುತ್ತವೆ. ಅವುಗಳ ಸಭೆಗೆ ಯಾವ ನಾಗರಿಕನೂ ಬಂದು ಮಾತನಾಡಬಹುದು. ಪರವಾನಿಗೆ ಇದ್ದವನು ಪಿಸ್ತೂಲಿನೊಡನೆ ಆ ಸಭೆಗೆ ಬರಬಹುದೇ ಎಂಬದಕ್ಕೆ ರಾಜ್ಯ ರಾಜ್ಯಕ್ಕೆ ಬೇರೆ ಬೇರೆ ಕಾಯದೆಗಳಿವೆ. ಶಾಲೆಯ ಸುತ್ತ ಒಂದು ಸಾವಿರ ಅಡಿಗಳಲ್ಲಿ ಬಂದೂಕನ್ನು ನಿಷೇಧಿಸುವ ೧೯೯೦ರ ಕೇಂದ್ರ ಕಾಯದೆಯನ್ನು ೧೯೯೫ರಲ್ಲಿ ನ್ಯಾಯಾಲಯವು ರದ್ದುಗೊಳಿಸಿತು. ೧೯೯೬ರಲ್ಲಿ ಅದನ್ನು ತಿದ್ದಿ ಮತ್ತೆ ಮಾಡಿದರು. ಅದರಲ್ಲಿಯೂ ರಾಜ್ಯದ ಪರವಾನಿಗೆ ಪಡೆದವರಿಗೆ ವಿನಾಯಿತಿ ಇದೆ. ಫ್ಲೋರಿಡಾ ರಾಜ್ಯದ ಕಾಯದೆಯು ಪರವಾನಿಗೆ ಇದ್ದವನು ಸಹ ಶಾಲಾ ಮಂಡಳಿಯ ಸಭೆಗೆ ಆಯುಧ ತರಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ.

ಅದೇ ಫ್ಲೋರಿಡಾದ ಪನಾಮಾ ಸಿಟಿ ಎಂಬ ಊರಿನಲ್ಲಿ, ೨೦೧೦ರ ಡಿಸೆಂಬರ್ ೧೪ರಂದು, ಶಾಲಾ ಮಂಡಳಿಯ ಸಭೆ ನಡೆದಾಗ ಒಬ್ಬನು ಪಿಸ್ತೂಲು ತೆಗೆದು ನಿಂತನು. ಹೆಂಗಸರನ್ನೂ ಮಕ್ಕಳನ್ನೂ ಹೊರಗೆ ಕಳಿಸಿ, ಮಂಡಳಿಯ ಸದಸ್ಯರ ಮೇಲೆ ಗುಂಡು ಹಾರಿಸಿದನು. ದೈವಕೃಪೆಯಿಂದ ಸದಸ್ಯರಲ್ಲಿ ಯಾರಿಗೂ ಗುಂಡು ತಗಲಲಿಲ್ಲ; ಕಾವಲಿನ ಅಧಿಕಾರಿಯ ಗುಂಡಿನಿಂದ ಗಾಯಗೊಂಡ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಕಾಯದೆಯೊಂದರಿಂದಲೇ ದುಷ್ಕೃತ್ಯವು ನಿಲ್ಲುವದಿಲ್ಲವೆಂಬದು ಇದರಿಂದ ಸ್ಪಷ್ಟ. ಕಾಯದೆಯ ಜೊತೆಗೆ ಎಚ್ಚರವೂ ಬೇಕು.

ಎರಡು ದೇಶಗಳನ್ನು ಹೋಲಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಅಲ್ಲಿ ಹಕ್ಕಿನಿಂದ ಹೊರಟು, ಕೆಲವು ಸ್ಥಳಗಳನ್ನು ಅದರಿಂದ ಕಳೆಯುತ್ತಾರೆ. ಇಲ್ಲಿ ನಿಷೇಧದಿಂದ ಹೊರಟು, ಅನುಮತಿ ಕೊಟ್ಟು, ಆ ಅನುಮತಿಯಿಂದಲೂ ಕೆಲವು ಸ್ಥಳಗಳನ್ನು ಕಳೆಯುತ್ತಾರೆ. ಎರಡೂ ಕಡೆಗೆ ಕಳೆಯುವ ಸ್ಥಳಗಳ ಪಟ್ಟಿಯಲ್ಲಿ ಶಾಲೆ ಇದೆ.

೭. ಮೌನವಾಗಿದ್ದರೂ ಆಯುಧ ಮಾತನಾಡುತ್ತದೆ

"ಅವನು ಪಿಸ್ತೂಲನ್ನು ತೆಗೆಯುವದಿಲ್ಲ, ತೋರಿಸುವದಿಲ್ಲ, ಸುಮ್ಮನೆ ಕುಳಿತಿರುತ್ತಾನೆ, ಯಾರಿಗೆ ಏನು ಬಾಧೆ?" ಎಂದು ಕೊನೆಯ ವಾದವನ್ನು ಮುಂದಿಡಬಹುದು. ಇದಕ್ಕೆ ಉತ್ತರವಾಗಿ ಒಂದು ಸಭೆಯನ್ನು ಕಲ್ಪಿಸಿಕೊಳ್ಳಿರಿ. ನಮ್ಮ ಜತ್ತ ತಾಲೂಕು ಮಳೆ ಕಡಿಮೆಯಾದ ಸೀಮೆ. ಇಲ್ಲಿಂದ ಎಷ್ಟೋ ಕುಟುಂಬಗಳು ಸುಗ್ಗಿಯಲ್ಲಿ ಕಬ್ಬು ಕಡಿಯಲು ದೂರದ ಕಾರಖಾನೆಗಳ ಕಡೆಗೆ ಹೋಗುತ್ತವೆ. ಅಂಥ ಕುಟುಂಬದ ಒಬ್ಬ ತಾಯಿ ಸಮಿತಿಯ ಸದಸ್ಯೆಯಾಗಿದ್ದಾಳೆ. ಅವಳಿಗೆ ಎರಡು ಮಾತು ಕೇಳಬೇಕಾಗಿದೆ: ಮಧ್ಯಾಹ್ನದ ಊಟದ ಅಕ್ಕಿಯ ಲೆಕ್ಕ ಎಲ್ಲಿದೆ? ಹುಡುಗಿಯರ ಶೌಚಾಲಯದ ಬಾಗಿಲು ಎಂದು ಕೂಡಿಸುವಿರಿ? ಎದುರಿಗೆ ಊರಿನ ದೊಡ್ಡ ಮನುಷ್ಯನು ಕುಳಿತಿದ್ದಾನೆ. ಅವನ ಅಂಗಿಯ ಕೆಳಗೆ ಪಿಸ್ತೂಲಿನ ಉಬ್ಬು ಕಾಣುತ್ತಿದೆ. ಅವನು ಏನೂ ಅನ್ನಲಿಲ್ಲ. ಆದರೆ ಆ ತಾಯಿ ಬಾಯಿ ತೆರೆಯುವಳೇ?

ಅವಳ ಪ್ರಶ್ನೆ ಅವಳ ಬಾಯಲ್ಲಿಯೇ ಉಳಿಯಿತೆಂದರೆ ನಷ್ಟ ಯಾರದು? ಶೌಚಾಲಯಕ್ಕೆ ಬಾಗಿಲಿಲ್ಲದೆ ಶಾಲೆ ಬಿಡುವ ಹುಡುಗಿಯದು. ಕಾಯದೆಯು ಆ ತಾಯಿಗೆ ಕುರ್ಚಿಯನ್ನು ಕೊಟ್ಟಿದೆ. ಆ ಕುರ್ಚಿಯ ಮೇಲೆ ಕುಳಿತು ನಿರ್ಭಯದಿಂದ ಮಾತನಾಡುವ ವಾತಾವರಣವನ್ನು ನಾವು ಕೊಡಬೇಕು. ಸಭೆಯಲ್ಲಿ ತೂಗಬೇಕಾದದ್ದು ಯುಕ್ತಿ, ಎಣಿಸಬೇಕಾದದ್ದು ಕೈಗಳು. ಎತ್ತಿದ ಕೈಗಳ ನಡುವೆ ಒಂದು ಆಯುಧ ಬಂದು ಕುಳಿತರೆ ತೂಕವೂ ಎಣಿಕೆಯೂ ಎರಡೂ ಕೆಡುತ್ತವೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ನಾವು ಕನ್ನಡಿಗರು ಅಭಿಮಾನದಿಂದ ಸ್ಮರಿಸುತ್ತೇವೆ. ಅಲ್ಲಿ ಕಾಯಕದ ಜನರು, ಸ್ತ್ರೀಯರು ಕೂಡಾ ಸರಿಸಮನಾಗಿ ಕುಳಿತು ಮಾತಿನಿಂದ ಮಾತನ್ನು ಒರೆಗೆ ಹಚ್ಚಿದರೆಂಬ ಕಾರಣಕ್ಕಾಗಿಯೇ ಆ ಅಭಿಮಾನ. "ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯೂ ಇದನ್ನೇ ಹೇಳುತ್ತದೆ.

೮. ಪಾಲಕರಿಗೂ ಮಕ್ಕಳಿಗೂ ನಾಲ್ಕು ಮಾತು

ಮೊದಲನೆಯದಾಗಿ, ಪರವಾನಿಗೆಯ ಆಯುಧ ಇರುವ ಪಾಲಕರು ಯಾವದೇ ಕಾರ್ಯಕ್ಕೆ ಶಾಲೆಗೆ ಬರುವಾಗ ಅದನ್ನು ಮನೆಯಲ್ಲಿ ಬೀಗದೊಳಗಿಟ್ಟು ಬರಬೇಕು. ಗಾಡಿಯಲ್ಲಿ ಬಿಟ್ಟು, ಗಾಡಿಯನ್ನು ಶಾಲೆಯ ಆವರಣದಲ್ಲಿ ನಿಲ್ಲಿಸುವದೂ ತಪ್ಪೇ. ಎರಡನೆಯದಾಗಿ, ಸಮಾರಂಭಗಳಿಗೆ ಅತಿಥಿಗಳನ್ನು ಆಮಂತ್ರಿಸುವಾಗ, ಅವರೊಡನೆ ಬರುವ ಖಾಸಗಿ ಕಾವಲುಗಾರರ ಆಯುಧದ ವಿಷಯವನ್ನು ಮುಂಚಿತವಾಗಿ ವಿನಯದಿಂದ ತಿಳಿಸಬೇಕು. ಮೂರನೆಯದಾಗಿ, ಸಭೆಯಲ್ಲಿ ಯಾರ ಹತ್ತಿರವಾದರೂ ಆಯುಧ ಕಂಡರೆ ವಾಗ್ವಾದಕ್ಕೆ ಇಳಿಯಬಾರದು, ಕಸಿದುಕೊಳ್ಳಲು ಹೋಗಬಾರದು. ಅಧ್ಯಕ್ಷರು ಸಭೆಯನ್ನು ಮುಂದೂಡಿ, ಮಕ್ಕಳನ್ನು ದೂರ ಕಳಿಸಿ, ೧೧೨ ನಂಬರಿಗೆ ಫೋನು ಮಾಡಿ ಪೊಲೀಸರಿಗೆ ತಿಳಿಸಬೇಕು. ಪರವಾನಿಗೆಯನ್ನು ತೋರಿಸೆಂದು ಕೇಳುವ ಅಧಿಕಾರವು ಕಾಯದೆಯ ೧೯ನೆಯ ಕಲಮಿನಂತೆ ಪೊಲೀಸ್ ಅಧಿಕಾರಿಗಳಿಗೆ ಇದೆ. ನಾಲ್ಕನೆಯದು ಮಕ್ಕಳಿಗೆ: ಮನೆಯಲ್ಲಿ ಬಂದೂಕು ಇದ್ದರೆ ಅದನ್ನು ಮುಟ್ಟಬೇಡಿರಿ, ಗೆಳೆಯರಿಗೆ ತೋರಿಸಲು ತರಬೇಡಿರಿ, ಅದನ್ನು ಹಿಡಿದು ಫೋಟೋ ತೆಗೆಸಿಕೊಳ್ಳಬೇಡಿರಿ. ಬೇರೆ ಯಾರಾದರೂ ಶಾಲೆಗೆ ತಂದದ್ದು ತಿಳಿದರೆ ಕೂಡಲೆ ಗುರುಗಳಿಗೆ ಹೇಳಿರಿ. ಅದು ಚಾಡಿಯಲ್ಲ, ಕರ್ತವ್ಯ.

ನೀವು ದೊಡ್ಡವರಾಗಿ ಗ್ರಾಮಸಭೆಯಲ್ಲಿ, ಶಾಲೆಯ ಸಮಿತಿಯಲ್ಲಿ, ಮುಂದೆ ಶಾಸನಸಭೆಯಲ್ಲಿಯೂ ಕುಳಿತುಕೊಳ್ಳುವವರು. ಅಲ್ಲಿಗೆ ಒಯ್ಯಬೇಕಾದದ್ದನ್ನು ಈಗಲೇ ಶಾಲೆಯಲ್ಲಿ ಗಳಿಸಿರಿ: ವಿಷಯದ ಜ್ಞಾನ, ಸ್ಪಷ್ಟವಾದ ನುಡಿ, ಎದುರಿನವನ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ. ಇವನ್ನು ಒಯ್ಯಲು ಯಾರ ಪರವಾನಿಗೆಯೂ ಬೇಕಿಲ್ಲ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧) ಸಂವಿಧಾನದ ೧೯ನೆಯ ಅನುಚ್ಛೇದದಲ್ಲಿ ಸಭೆ ಸೇರುವ ಹಕ್ಕಿಗೆ ಜೋಡಿಸಿದ ಎರಡು ಕಟ್ಟಳೆಗಳು ಯಾವವು?
೨) ಹಕ್ಕಿಗೂ ಅನುಮತಿಗೂ ಇರುವ ಭೇದವನ್ನು ಶಸ್ತ್ರದ ಪರವಾನಿಗೆಯ ಉದಾಹರಣೆಯಿಂದ ವಿವರಿಸಿರಿ.
೩) ಹಲಗಲಿಯವರ ನಿರಾಕರಣೆಗೂ, ಇಂದು ಶಾಲೆಯ ಸಭೆಗೆ ಆಯುಧ ತರುವೆನೆನ್ನುವವನ ಹಟಕ್ಕೂ ಏನು ವ್ಯತ್ಯಾಸ?
೪) ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಶಾಲೆಯ ಸಭೆಗೆ ಬಂದಿದ್ದಾರೆಯೇ? ಅಲ್ಲಿ ಅವರು ಕೇಳಬೇಕೆಂದಿದ್ದು ಕೇಳದೆ ಉಳಿದ ಪ್ರಶ್ನೆ ಯಾವದು? ಅವರಿಂದ ಕೇಳಿ ತಿಳಿದು ಹತ್ತು ಸಾಲು ಬರೆಯಿರಿ.